165 ಹರ್ಟ್ಜ್ ತಂದು 60ರಲ್ಲೇ ಆಡಿದವರ ಕಥೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗೇಮಿಂಗ್ ಮಾನಿಟರ್, ಲ್ಯಾಪ್‌ಟಾಪ್, ಯುಪಿಎಸ್ ಬಗ್ಗೆಯೇ ಇವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆಯಿಂದ ಬೆಳಗ್ಗೆ ಹೊರಟರೆ ಬೆಂಗಳೂರಿನ ಎಸ್.ಪಿ. ರೋಡ್ ಮುಗಿಸಿ ಸಂಜೆಗೆ ಸಾಮಾನು ಹೊತ್ತು ಮನೆ ಸೇರಬಹುದು. ಅನುಕೂಲವೂ ಅದೇ, ಕಷ್ಟವೂ ಅದೇ. ಅಂಗಡಿಯವರು ಹೇಳಿದ್ದು ಬಸ್ಸು ನೆಲಮಂಗಲ ದಾಟುವಷ್ಟರಲ್ಲಿ ಮರೆತುಹೋಗಿರುತ್ತದೆ, ಮನೆಗೆ ಬಂದು ವೈರು ಸಿಕ್ಕಿಸಿದ ಮೇಲೆ ನಿಜವಾದ ಪ್ರಶ್ನೆಗಳು ಶುರುವಾಗುತ್ತವೆ. ಸರಿ, ಒಂದೊಂದಾಗಿ ನೋಡೋಣ.

ಪ್ರಶ್ನೆ: ಸಾರ್, ಎಂಟು ತಿಂಗಳ ಹಿಂದೆ 165 ಹರ್ಟ್ಜ್ ಮಾನಿಟರ್ ತಂದೆ. ಹಳೆಯ 60 ಹರ್ಟ್ಜ್ ಮಾನಿಟರ್‌ಗೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣುತ್ತಿಲ್ಲ. ಫ್ರೆಂಡ್ಸ್ ನನ್ನ ಕಣ್ಣೇ ಸರಿಯಿಲ್ಲ ಅನ್ನುತ್ತಾರೆ. — ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಕಣ್ಣು ಸರಿಯಾಗೇ ಇದೆ, ಬಿಡಿ. ಹರ್ಟ್ಜ್ ಅಂದರೆ ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಲೆಕ್ಕ, ನಿಮ್ಮ ಮಾನಿಟರ್ ಇನ್ನೂ 60ರಲ್ಲೇ ಓಡುತ್ತಿರಬೇಕು. ನಗಬೇಡಿ, ನಾನೂ ಇದೇ ತಪ್ಪು ಮಾಡಿದವನು. ಹೊಸ ಮಾನಿಟರ್ ತಂದು ಮೂರು ತಿಂಗಳು ಎಲ್ಲರ ಹತ್ತಿರ ಕೊಚ್ಚಿಕೊಂಡೆ, "ಆಹಾ, ಬೆಣ್ಣೆ ಹಾಗೆ ಓಡುತ್ತದೆ" ಅಂತ. ಒಂದು ಭಾನುವಾರ ಅಕ್ಕನ ಮಗ ಬಂದು ಕೂತವನು ಮೌಸ್ ಹಿಡಿದು ಸ್ಕ್ರೀನ್ ಮೇಲೆ ಒಂದೇ ಒಂದು ಸುತ್ತು ಸುತ್ತಿಸಿ, "ಮಾವ, ಇದು ಅರವತ್ತರಲ್ಲಿದೆ" ಅಂದ. ಒಂಬತ್ತನೇ ಕ್ಲಾಸಿನ ಹುಡುಗ.

ಸಿಸ್ಟಮ್‌ಗೆ ಹೊಸ ಮಾನಿಟರ್ ಸಿಕ್ಕಿಸಿದಾಗ ವಿಂಡೋಸ್ ಎಷ್ಟೋ ಸಲ ತಾನಾಗಿ 60ಕ್ಕೇ ನಿಂತುಬಿಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ಡಿಸ್‌ಪ್ಲೇ, ಕೆಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ. ಅಲ್ಲಿ ರಿಫ್ರೆಶ್ ರೇಟ್ ಅಂತ ಇರುತ್ತದೆ, ಅದನ್ನು 165 ಮಾಡಿ. ಆಮೇಲೆ ಮೌಸ್‌ನ ಬಾಣವನ್ನು ಜೋರಾಗಿ ಗಿರಗಿರ ತಿರುಗಿಸಿ ನೋಡಿ. 60ರಲ್ಲಿ ಬಾಣಗಳು ದೂರ ದೂರ ಬಿಡಿ ಬಿಡಿಯಾಗಿ ಕಾಣುತ್ತವೆ, 165ರಲ್ಲಿ ಒತ್ತೊತ್ತಾಗಿ ಗೆರೆ ಎಳೆದ ಹಾಗೆ ಕಾಣುತ್ತದೆ. ಲೆಕ್ಕ ಬೇಕಿದ್ದರೆ, 60ರಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 165ರಲ್ಲಿ ಸುಮಾರು 6 ಮಿಲಿಸೆಕೆಂಡ್ ಅಷ್ಟೇ.

ಲಿಸ್ಟಿನಲ್ಲಿ 165 ಕಾಣಿಸಲೇ ಇಲ್ಲವಾ? ಹಾಗಿದ್ದರೆ ಕೇಬಲ್ ನೋಡಿ. ಎಷ್ಟೋ ಮಾನಿಟರ್‌ಗಳಲ್ಲಿ ಎಚ್‌ಡಿಎಂಐ ಕಿಂಡಿ 144ಕ್ಕೋ ಅದಕ್ಕಿಂತ ಕಮ್ಮಿಗೋ ನಿಂತುಬಿಡುತ್ತದೆ, ಪೂರ್ತಿ ವೇಗ ಬರುವುದು ಡಿಸ್‌ಪ್ಲೇಪೋರ್ಟ್‌ನಲ್ಲಿ ಮಾತ್ರ. ಇನ್ನೊಂದು, ಕ್ಯಾಬಿನೆಟ್ ಹಿಂದೆ ಬಗ್ಗಿ ನೋಡಿ. ಮೇಲೆ ಯುಎಸ್‌ಬಿ ಪಕ್ಕ ಇರುವುದು ಮದರ್‌ಬೋರ್ಡಿನ ಕಿಂಡಿ, ಕೆಳಗೆ ಅಡ್ಡಡ್ಡ ಸಾಲಾಗಿ ಇರುವುದು ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನದು. ಮೇಲಿನದಕ್ಕೆ ಸಿಕ್ಕಿಸಿದ್ದರೆ ನೀವು ದುಡ್ಡು ಕೊಟ್ಟ ಕಾರ್ಡ್ ಸುಮ್ನೆ ಒಳಗೆ ಕೂತಿದೆ ಅಂತ ಅರ್ಥ. ಇಷ್ಟೆಲ್ಲ ಸರಿಯಿದ್ದೂ ಆಟದೊಳಗೆ ಎಫ್‌ಪಿಎಸ್ (ಕಾರ್ಡ್ ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆ) ಮಿತಿ 60ಕ್ಕೆ ಇಟ್ಟಿದ್ದರೆ ಮತ್ತೆ ಕಥೆ ಅದೇ.

ಪ್ರಶ್ನೆ: ನನ್ನ ಹತ್ತಿರ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ. ಈಗ 27 ಇಂಚಿನ 4ಕೆ ಮಾನಿಟರ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಕಾರ್ಡ್ ಮುಂದೆ ನೋಡಿಕೊಳ್ಳೋಣ ಅಂತ. ಸರೀನಾ? — ಗೌರಿಬಿದನೂರು

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅಂತಾರಲ್ಲ, ಪಕ್ಕಾ ಅದೇ ಆಗುತ್ತದೆ. ಮಾಮೂಲಿ 1080ಪಿ ಸ್ಕ್ರೀನಿನಲ್ಲಿ ಸುಮಾರು 20.7 ಲಕ್ಷ ಚುಕ್ಕಿ. 1440ಪಿಯಲ್ಲಿ ಸುಮಾರು 36.9 ಲಕ್ಷ. 4ಕೆ ಅಂದರೆ ಸುಮಾರು 83 ಲಕ್ಷ, ಅಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಪ್ರತಿ ಚಿತ್ರಕ್ಕೂ ಅಷ್ಟು ಚುಕ್ಕಿಗೆ ಬಣ್ಣ ಹಚ್ಚುವ ಕೂಲಿ ನಿಮ್ಮ ಕಾರ್ಡಿನದು. 1650 ಬಂದಿದ್ದು 2019ರಲ್ಲಿ, ಅದರಲ್ಲಿರುವುದು 4 ಜಿಬಿ ಮೆಮೊರಿ. ಈಗಿನ ದೊಡ್ಡ ಆಟಗಳಿಗೆ 1080ಪಿಯಲ್ಲೇ ಅದಕ್ಕೆ ಏದುಸಿರು.

ಆದರೆ ನಿಮ್ಮ ಮಾತಿನಲ್ಲಿ ಒಂದು ನ್ಯಾಯ ಇದೆ. ಮಾನಿಟರ್ ಬಾಳಿಕೆ ಜಾಸ್ತಿ. ನಾನು ನೋಡಿದ ಹಾಗೆ ಒಂದು ಒಳ್ಳೆಯ ಮಾನಿಟರ್ ಎದುರು ಎರಡು ಕಾರ್ಡ್ ಬಂದು ಹೋಗುತ್ತವೆ. ಹಾಗಾಗಿ ಮಾನಿಟರ್ ಸ್ವಲ್ಪ ಮುಂದಾಲೋಚನೆ ಮಾಡಿ ತರುವುದು ತಪ್ಪಲ್ಲ, ಒಂದು ಮೆಟ್ಟಿಲು ಮುಂದೆ ಹೋಗಿ, ಮೂರು ಮೆಟ್ಟಿಲು ಬೇಡ. 27 ಇಂಚಿಗೆ 1440ಪಿ ಚೆಂದ, ಇಂಚಿಗೆ ಸುಮಾರು 109 ಚುಕ್ಕಿ ಬರುತ್ತದೆ, ಅಕ್ಷರ ಕಡೆದಿಟ್ಟ ಹಾಗೆ ಇರುತ್ತದೆ. ಅದೇ 27 ಇಂಚಿಗೆ 1080ಪಿ ತಂದರೆ 82ಕ್ಕೆ ಇಳಿಯುತ್ತದೆ, ಹತ್ತಿರ ಕೂತರೆ ಕನ್ನಡದ ಒತ್ತಕ್ಷರಗಳ ಅಂಚು ಗರಗಸದ ಹಾಗೆ ಕಾಣುತ್ತದೆ. 1080ಪಿನೇ ಸಾಕು ಅಂದರೆ 24 ಇಂಚಿಗೆ ನಿಲ್ಲಿಸಿ.

ಈಗ ಮಾರುವವರು ಇನ್ನೊಂದು ಮಾತು ಹೇಳುತ್ತಾರೆ, "ಡಿಎಲ್‌ಎಸ್‌ಎಸ್ ಇದೆ, ಫ್ರೇಮ್ ಜನರೇಶನ್ ಇದೆ, ಎಲ್ಲಾ ಎಐ ನೋಡಿಕೊಳ್ಳುತ್ತದೆ" ಅಂತ. ಮೊದಲನೆಯದು, ಡಿಎಲ್‌ಎಸ್‌ಎಸ್ ಅಂದರೆ ಸಣ್ಣ ಚಿತ್ರ ಬಿಡಿಸಿ ಎಐನಿಂದ ದೊಡ್ಡದು ಮಾಡುವ ಎನ್‌ವಿಡಿಯಾ ಕಂಪನಿಯ ತಂತ್ರ. 1650ಯಲ್ಲಿ ಅದು ಇಲ್ಲವೇ ಇಲ್ಲ, ಆರ್‌ಟಿಎಕ್ಸ್ ಕಾರ್ಡುಗಳಿಗೆ ಮಾತ್ರ. ಅದೇ ಥರದ ಕೆಲಸ ಮಾಡುವ ಎಎಂಡಿಯ ಎಫ್‌ಎಸ್‌ಆರ್‌ನ ಹಳೆಯ ಆವೃತ್ತಿಗಳು ಓಡುತ್ತವೆ, ಅದನ್ನು ಬಳಸಿಕೊಳ್ಳಿ. ಎರಡನೆಯದು, ಫ್ರೇಮ್ ಜನರೇಶನ್ ಅಂದರೆ ಎರಡು ನಿಜವಾದ ಚಿತ್ರಗಳ ನಡುವೆ ಊಹೆಯ ಚಿತ್ರ ತೂರಿಸುವುದು. 2022ರಲ್ಲಿ ಎನ್‌ವಿಡಿಯಾದ 40ರ ಸರಣಿಯ ಕಾರ್ಡುಗಳ ಜೊತೆ ಬಂದಾಗ ಒಂದು ಚಿತ್ರ ತೂರಿಸುತ್ತಿತ್ತು, 2025ರಲ್ಲಿ 50ರ ಸರಣಿ ಬಂದಾಗ ಮೂರರವರೆಗೆ ತೂರಿಸತೊಡಗಿತು. ಕಣ್ಣಿಗೆ ನುಣುಪು ಹೌದು. ಆದರೆ ನೀವು ಬಟನ್ ಒತ್ತಿದ್ದು ಆಟಕ್ಕೆ ಗೊತ್ತಾಗುವುದು ನಿಜವಾದ ಚಿತ್ರ ಬಂದಾಗಲೇ. 30 ಎಫ್‌ಪಿಎಸ್ ಅನ್ನು 120 ಅಂತ ತೋರಿಸಿದರೂ ಕೈಗೆ ಅದು 30ರಷ್ಟೇ ಭಾರ. ಮೊದಲು ತನ್ನ ಶಕ್ತಿಯ ಮೇಲೆ 60 ಹತ್ತಿರ ಬರುವ ಕಾರ್ಡ್ ಇರಬೇಕು, ಆಮೇಲೆ ಈ ಒಗ್ಗರಣೆ.

ಪ್ರಶ್ನೆ: ನಮ್ಮದು ರೇಷ್ಮೆ ಗೂಡಿನ ವ್ಯವಹಾರ. ಹಗಲೆಲ್ಲ ಎಕ್ಸೆಲ್‌ನಲ್ಲಿ ಲೆಕ್ಕ, ರಾತ್ರಿ ಹತ್ತರ ಮೇಲೆ ಆಟ. ಓಎಲ್‌ಇಡಿ ಮಾನಿಟರ್ ನೋಡಿ ಮನಸೋತಿದ್ದೇನೆ. ತರಲಾ? — ಶಿಡ್ಲಘಟ್ಟ

ಮನಸೋಲುವ ವಸ್ತುವೇ ಅದು, ತಪ್ಪು ನಿಮ್ಮದಲ್ಲ. ಮಾಮೂಲಿ ಎಲ್‌ಸಿಡಿಯಲ್ಲಿ ಹಿಂದೊಂದು ದೀಪ ಸದಾ ಉರಿಯುತ್ತಿರುತ್ತದೆ, ಮುಂದಿರುವ ಪದರ ಅದನ್ನು ಅಡ್ಡಗಟ್ಟಿ ಕಪ್ಪು ಮಾಡಲು ನೋಡುತ್ತದೆ, ಆದರೂ ಬೆಳಕು ಸೋರುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ದೀಪ. ಕಪ್ಪು ಬೇಕು ಅಂದರೆ ಆರಿಯೇ ಹೋಗುತ್ತದೆ. ಅಮಾವಾಸ್ಯೆ ರಾತ್ರಿ ನಂದಿ ಬೆಟ್ಟದ ಮೇಲೆ ಲೈಟು ಆರಿಸಿದ ಹಾಗೆ. ವೇಗದಲ್ಲೂ ಅದನ್ನು ಮೀರಿಸುವುದು ಕಷ್ಟ, ಡಬ್ಬದ ಮೇಲೆ 0.03 ಮಿಲಿಸೆಕೆಂಡ್ ಅಂತ ಬರೆದಿರುತ್ತಾರೆ.

ಆದರೆ ನಿಮ್ಮ ಕೆಲಸಕ್ಕೆ ಬೇಡ ಅಂತ ಹೇಳುತ್ತೇನೆ. ಆ ಚುಕ್ಕಿಗಳು ಉರಿದಷ್ಟೂ ಸವೆಯುತ್ತವೆ. ದಿನಕ್ಕೆ ಎಂಟು ಗಂಟೆ ಅದೇ ಎಕ್ಸೆಲ್ ಗೆರೆ, ಅದೇ ಟಾಸ್ಕ್‌ಬಾರ್, ಅದೇ ಜಾಗದಲ್ಲಿ ನಿಂತರೆ ಅಲ್ಲಿನ ಚುಕ್ಕಿಗಳು ಬೇರೆಯವಕ್ಕಿಂತ ಬೇಗ ಮಂಕಾಗುತ್ತವೆ, ಆಮೇಲೆ ಆಟ ಆಡುವಾಗ ಆಕಾಶದಲ್ಲಿ ನಿಮ್ಮ ಗೂಡಿನ ಲೆಕ್ಕದ ಚೌಕಗಳು ದೆವ್ವದ ಹಾಗೆ ಮೂಡುತ್ತವೆ. ಇದಕ್ಕೇ ಬರ್ನ್-ಇನ್ ಅನ್ನುವುದು. ಕೆಲವು ಕಂಪನಿಗಳು 3 ವರ್ಷದ ವಾರಂಟಿಯಲ್ಲಿ ಇದನ್ನೂ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಅಂಗಡಿಯವರ ಬಾಯಿಮಾತು ನಂಬಬೇಡಿ, ವಾರಂಟಿ ಕಾಗದದಲ್ಲಿ ಆ ಶಬ್ದ ಇದೆಯಾ ನೋಡಿ. ಜೊತೆಗೆ ಎಷ್ಟೋ ಓಎಲ್‌ಇಡಿಗಳಲ್ಲಿ ಕೆಂಪು, ಹಸಿರು, ನೀಲಿ ಚುಕ್ಕಿಗಳ ಜೋಡಣೆ ಬೇರೆ ಥರ ಇರುವುದರಿಂದ ಸಣ್ಣ ಅಕ್ಷರದ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಆಟದಲ್ಲಿ ಗೊತ್ತೇ ಆಗಲ್ಲ, ಲೆಕ್ಕದ ಪಟ್ಟಿಯಲ್ಲಿ ಕಣ್ಣಿಗೆ ಚುಚ್ಚುತ್ತದೆ. ಮತ್ತೆ ಕ್ಯೂಡಿ-ಓಎಲ್‌ಇಡಿ ಅನ್ನುವ ಜಾತಿ, ಕಿಟಕಿಯ ಬೆಳಕು ಬಿದ್ದರೆ ಅದರ ಕಪ್ಪು ಬಣ್ಣ ನೇರಳೆ ಕಡೆ ವಾಲುತ್ತದೆ.

ಗೂಡು ಕೈಗೆ ತೆಗೆದುಕೊಂಡು ಅಲ್ಲಾಡಿಸಿ ನೋಡದೆ ನೀವು ಹರಾಜಿನಲ್ಲಿ ರೇಟು ಹಾಕುತ್ತೀರಾ? ಇಲ್ಲ ಅಲ್ವಾ? ಮಾನಿಟರ್ ಕೂಡ ಹಾಗೇ. ಅಂಗಡಿಯ ಕತ್ತಲೆ ಮೂಲೆಯಲ್ಲಿ ಮೀನು, ಹೂವು ಓಡುವ ವೀಡಿಯೊ ನೋಡಿ ತೀರ್ಮಾನ ಮಾಡಬೇಡಿ. "ಒಂದು ಎಕ್ಸೆಲ್ ತೆಗೆಯಪ್ಪ, ಲೈಟ್ ಹಾಕಪ್ಪ" ಅನ್ನಿ. ನನ್ನ ಕೇಳಿದರೆ ಐಪಿಎಸ್ ಪ್ಯಾನೆಲ್ (ಎಲ್‌ಸಿಡಿಯಲ್ಲೇ ಒಂದು ಒಳ್ಳೆಯ ಜಾತಿ), 27 ಇಂಚು, 1440ಪಿ, 165 ಅಥವಾ 180 ಹರ್ಟ್ಜ್. ಉಳಿದ ದುಡ್ಡಿಗೆ ಒಳ್ಳೆಯ ಕುರ್ಚಿ ತನ್ನಿ. ಕುರ್ಚಿ ವಿಷಯ ಯಾರೂ ನನ್ನ ಕೇಳುವುದೇ ಇಲ್ಲ.

ಪ್ರಶ್ನೆ: ಪಿಎಸ್5 ಗೇಮ್ ಕನ್ಸೋಲ್‌ಗೆ 240 ಹರ್ಟ್ಜ್ ಮಾನಿಟರ್ ತಂದರೆ ಇನ್ನೂ ಚೆನ್ನಾಗಿ ಓಡುತ್ತಾ? — ಚಿಕ್ಕಬಳ್ಳಾಪುರ

ಇಲ್ಲ. ಪಿಎಸ್5 ಕೊಡುವುದೇ ಹೆಚ್ಚೆಂದರೆ 120, ಅದೂ ಎಲ್ಲಾ ಆಟಗಳಲ್ಲಲ್ಲ. ಮಿಕ್ಕ 120ಕ್ಕೆ ನೀವು ಸುಮ್ನೆ ದುಡ್ಡು ಕೊಡುತ್ತಿದ್ದೀರಿ. 4ಕೆಯಲ್ಲಿ 120 ಬೇಕಿದ್ದರೆ ಮಾನಿಟರ್‌ನಲ್ಲಿ ಎಚ್‌ಡಿಎಂಐ 2.1 ಇರಲಿ. 1440ಪಿ ಮಾನಿಟರ್ ಆದರೂ ನಡೆಯುತ್ತದೆ, 2022ರ ಸೆಪ್ಟೆಂಬರ್ ಅಪ್‌ಡೇಟ್ ಆದಮೇಲೆ ಪಿಎಸ್5 ಅದನ್ನೂ ಒಪ್ಪುತ್ತದೆ. ಎಷ್ಟೋ ಮಾನಿಟರ್‌ಗಳಲ್ಲಿ ಸ್ಪೀಕರ್ ಇರುವುದಿಲ್ಲ, ಮನೆಗೆ ತಂದ ಮೇಲೆ "ಸೌಂಡೇ ಬರ್ತಿಲ್ಲ" ಅಂತ ಫೋನ್ ಮಾಡುವವರು ಜಾಸ್ತಿ. ಕಂಟ್ರೋಲರ್‌ನ ಕೆಳಗೆ ಇಯರ್‌ಫೋನ್ ಕಿಂಡಿ ಇದೆ, ಅದಕ್ಕೆ ಹಾಕಿಕೊಳ್ಳಿ.

ಪ್ರಶ್ನೆ: ಮಗ ಪಿಯುಸಿ ಎರಡನೇ ವರ್ಷ. ಓದುವುದಕ್ಕೆ ಅಂತ ಹೇಳಿ ಗೇಮಿಂಗ್ ಲ್ಯಾಪ್‌ಟಾಪ್ ಕೇಳುತ್ತಿದ್ದಾನೆ, ಲಕ್ಷದ ಹತ್ತಿರ ಇದೆ. ಕೊಬ್ಬರಿ ಮಾರಿದ ಮೇಲೆ ನೋಡೋಣ ಅಂದಿದ್ದೇನೆ. ಆನ್‌ಲೈನ್ ಆಟಕ್ಕೆ ಸರ್ಕಾರ ನಿಷೇಧ ಹಾಕಿದೆಯಂತೆ, ನಿಜವಾ? — ತಾಯಿ, ತಿಪಟೂರು

ಅಮ್ಮಾ, ಮೊದಲು ನಿಷೇಧದ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ ನಿಷೇಧಿಸಿದ್ದು ದುಡ್ಡು ಗೆಲ್ಲುವ ಆಸೆಗೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ಮಗ ಆಡುವ ಫುಟ್‌ಬಾಲ್, ಕಾರ್ ರೇಸ್ ಥರದ್ದಕ್ಕೆ ಅದು ಅಡ್ಡಿಯಿಲ್ಲ, ಇ-ಸ್ಪೋರ್ಟ್ಸ್‌ಗೆ ಉತ್ತೇಜನ ಅಂತಲೇ ಅದರಲ್ಲಿದೆ. ಅವನು ಏನಾದರೂ ದುಡ್ಡು ಹಾಕಿ ಗೆಲ್ಲುವ ಆಟ ಅಂದರೆ ಮಾತ್ರ ಕಿವಿ ಹಿಂಡಿ.

ಓದುವುದಕ್ಕೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕಾಗಿಲ್ಲ, ಅದು ಅವನಿಗೂ ಗೊತ್ತು, ನಿಮಗೂ ಗೊತ್ತು. ಮುಂದೆ ಎಂಜಿನಿಯರಿಂಗ್ ಸೇರಿದರೆ ತ್ರೀಡಿ ಡ್ರಾಯಿಂಗ್ ಥರದ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಉಪಯೋಗಕ್ಕೆ ಬರುತ್ತದೆ, ಅಷ್ಟು ನಿಜ. ಆದ್ದರಿಂದ ಪರೀಕ್ಷೆ ಮುಗಿಯಲಿ, ಸೀಟು ಯಾವುದು ಸಿಗುತ್ತದೆ ನೋಡಿಕೊಂಡು ಕೊಡಿಸಿ ಅಂತ ನನ್ನ ಅಭಿಪ್ರಾಯ. ಅವನು ನನ್ನ ಮೇಲೆ ಸಿಟ್ಟಾಗಲಿ ಪರವಾಗಿಲ್ಲ.

ಕೊಡಿಸುವಾಗ ಒಂದು ಮೋಸ ನೋಡಿಕೊಳ್ಳಿ. ಎರಡು ಲ್ಯಾಪ್‌ಟಾಪ್ ಮೇಲೂ "ಆರ್‌ಟಿಎಕ್ಸ್ 4050" ಅಂತಲೇ ಬರೆದಿರುತ್ತದೆ, ಒಂದರ ರೇಟು ಕಮ್ಮಿ. ಆ ಗ್ರಾಫಿಕ್ಸ್ ಚಿಪ್ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಯಾವುದರಲ್ಲಿ ಬೇಕಾದರೂ ಬರುತ್ತದೆ. ಹೆಸರು ಒಂದೇ, ಕಸುವು ಬೇರೆ. ಒಂದೇ ಕಂಪನಿಯ ಮೋಟಾರ್ ಅಂತ ಎರಡು ಎಚ್‌ಪಿಯದನ್ನು ಐದು ಎಚ್‌ಪಿ ರೇಟಿಗೆ ಕೊಟ್ಟರೆ ತೋಟಕ್ಕೆ ನೀರು ಹತ್ತುತ್ತದಾ? "ಟಿಜಿಪಿ ಎಷ್ಟು ವ್ಯಾಟ್", ಅಂದರೆ ಆ ಚಿಪ್‌ಗೆ ಎಷ್ಟು ವ್ಯಾಟ್ ಬಿಟ್ಟಿದ್ದಾರೆ ಅಂತ ಮಗನ ಕೈಲಿ ಕೇಳಿಸಿ. ಸ್ಕ್ರೀನ್ ಬಗ್ಗೆ ಬರೆದ ಕಡೆ "45% ಎನ್‌ಟಿಎಸ್‌ಸಿ" ಅಂತ ಇದ್ದರೆ ಬಣ್ಣ ಸಪ್ಪೆ, ಬಿಟ್ಟುಬಿಡಿ. "100% ಎಸ್‌ಆರ್‌ಜಿಬಿ" ಇದ್ದರೆ ಒಳ್ಳೆಯದು. ಹಾಸಿಗೆ ಮೇಲೆ ಇಟ್ಟು ಆಡಬಾರದು, ಕೆಳಗಿನ ಗಾಳಿ ಕಿಂಡಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ರ‍್ಯಾಮ್ ರೇಟು ಯಾಕೆ ಇಷ್ಟು ಏರಿದೆ? ಕಾಯಲಾ, ತಗೊಳ್ಳಲಾ? — ಶಿರಾ

ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಲಾರಿಗಟ್ಟಲೆ ಎತ್ತುತ್ತಿವೆ, ಕಾರ್ಖಾನೆಗಳಿಗೂ ಅಲ್ಲೇ ಲಾಭ ಜಾಸ್ತಿ. ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯವಹಾರದಿಂದಲೇ ಹೊರಬರುವುದಾಗಿ ಹೇಳಿಬಿಟ್ಟಿತು. ಕೆಲಸಕ್ಕೆ ಇವತ್ತೇ ಬೇಕಿದ್ದರೆ ತಗೊಳ್ಳಿ. ಸುಮ್ನೆ 16ನ್ನು 32 ಮಾಡುವ ಆಸೆಯಾದರೆ ಕಾಯಿರಿ, ಆಟಕ್ಕೆ 16 ಜಿಬಿ ಇನ್ನೂ ನಡೆಯುತ್ತದೆ. ಒಂದೇ ಕಡ್ಡಿ ಇದ್ದರೆ ಮಾತ್ರ ಜೋಡಿ ಮಾಡಿಕೊಳ್ಳಿ.

ಪ್ರಶ್ನೆ: ಮಾಲೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತೇನೆ. ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಅಥವಾ ರೋಗ್ ಅಲೈ ತರಬೇಕು ಅಂತ ಆಸೆ.

ಅಣ್ಣಾ, ಬೆಳಗಿನ ಆ ರೈಲಿನಲ್ಲಿ ನಿಮಗೆ ಸೀಟು ಸಿಗುತ್ತದಾ, ಅದು ಹೇಳಿ ಮೊದಲು. ಈ ಯಂತ್ರಗಳು ಆರು ನೂರು ಗ್ರಾಂ ಮೇಲೇ ತೂಗುತ್ತವೆ, ಎರಡೂ ಕೈ ಬೇಕು. ನಿಂತು, ಕಂಬಿ ಹಿಡಿದು ಆಡುವ ವಸ್ತು ಅಲ್ಲ. ಸ್ಟೀಮ್ ಡೆಕ್ 2022ರಲ್ಲೇ ಬಂದರೂ ಕಂಪನಿ ನಮ್ಮಲ್ಲಿ ನೇರವಾಗಿ ಮಾರುವುದಿಲ್ಲ, ಸಿಗುವುದೆಲ್ಲ ಹೊರಗಿನಿಂದ ತರಿಸಿದ್ದು, ಕೆಟ್ಟರೆ ನಿಮ್ಮ ಹಣೆಬರಹ. ರೋಗ್ ಅಲೈ ಇಲ್ಲಿ 2023ರಿಂದ ಅಧಿಕೃತವಾಗಿ ಮಾರಾಟದಲ್ಲಿದೆ. ಮೊದಲ ಮಾಡೆಲ್‌ನ ಬ್ಯಾಟರಿ 40 ವ್ಯಾಟ್-ಅವರ್. ದೊಡ್ಡ ಆಟಕ್ಕೆ 25 ವ್ಯಾಟ್ ಎಳೆದರೂ ಲೆಕ್ಕ ನೀವೇ ಹಾಕಿ, ಒಂದೂವರೆ ಗಂಟೆ. ಹೋಗುವಾಗ ಆಡಿದರೆ ಬರುವಾಗ ಕಿಟಕಿ ನೋಡಬೇಕು. ಆಮೇಲೆ ಬಂದ ಎಕ್ಸ್ ಮಾಡೆಲ್‌ನಲ್ಲಿ ಬ್ಯಾಟರಿ ಅದರ ಎರಡು ಪಟ್ಟು, ಬೆಲೆಯೂ ಜಾಸ್ತಿ. ಫೋನಿಗೆ ಸಿಕ್ಕಿಸುವ ಕಂಟ್ರೋಲರ್ ಒಂದು ತಗೊಂಡು ಆರು ತಿಂಗಳು ನೋಡಿ. ಆಸೆ ಆಗಲೂ ಇದ್ದರೆ ತನ್ನಿ.

ಪ್ರಶ್ನೆ: ಊರ ಪಕ್ಕ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್, ನನ್ನ ಮನೆಯಲ್ಲಿ ಆಟದ ಮಧ್ಯೆ ಸಿಸ್ಟಮ್ ಆಫ್! 600 ವಿಎ ಯುಪಿಎಸ್ ಸಾಕಾ? ಮನೆ ಇನ್ವರ್ಟರ್‌ಗೇ ಕೊಟ್ಟರೆ ಆಗಲ್ವಾ? — ಪಾವಗಡ

ದೀಪದ ಬುಡದಲ್ಲೇ ಕತ್ತಲೆ, ಏನು ಮಾಡೋಣ. 600 ವಿಎ ಅಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ಒಳಗಿರುವ 12 ವೋಲ್ಟ್, 7 ಎಎಚ್ ಬ್ಯಾಟರಿಯಲ್ಲಿ ಒಟ್ಟು 84 ವ್ಯಾಟ್-ಅವರ್. ಮಧ್ಯಮ ಗೇಮಿಂಗ್ ಸಿಸ್ಟಮ್ ಮಾನಿಟರ್ ಸೇರಿ 250ರಿಂದ 300 ವ್ಯಾಟ್ ಎಳೆಯುತ್ತದೆ. ಹೊಸ ಬ್ಯಾಟರಿಯಲ್ಲಿ ಐದಾರು ನಿಮಿಷ, ಎರಡು ವರ್ಷ ಆದಮೇಲೆ ಒಂದು ನಿಮಿಷವೂ ಕಷ್ಟ. ಸೇವ್ ಮಾಡಿ ಆಫ್ ಮಾಡುವುದಕ್ಕೆ ಅಂದರೆ ಸರಿ, ಮ್ಯಾಚ್ ಮುಗಿಸುವುದಕ್ಕೆ 1 ಕೆವಿಎ ನೋಡಿ.

ಇನ್ವರ್ಟರ್‌ಗೆ ಕೊಡಬಹುದು, ಎರಡು ಷರತ್ತು. ಅದು ಸೈನ್‌ವೇವ್ ಇರಬೇಕು. ಹಳೆಯ ಸ್ಕ್ವೇರ್‌ವೇವ್ ಆದರೆ ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು (ಕ್ಯಾಬಿನೆಟ್ ಒಳಗೆ ಕರೆಂಟ್ ಹಂಚುವ ಡಬ್ಬಗಳು) ಗುಂಯ್ ಅನ್ನುತ್ತವೆ, ಕೆಲವು ಆಫೇ ಆಗುತ್ತವೆ. ಇನ್ನೊಂದು, ಎಷ್ಟೋ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಅಂತ ಸಣ್ಣ ಸ್ವಿಚ್ ಇರುತ್ತದೆ, ಅದನ್ನು ಹಾಕಿರಬೇಕು. ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಆ ಕ್ಷಣವನ್ನು ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ಅಷ್ಟರೊಳಗೆ ಬದಲಾಗದಿದ್ದರೆ ಫ್ಯಾನು ನಿಲ್ಲದೆ ತಿರುಗುತ್ತಿರುತ್ತದೆ, ಸಿಸ್ಟಮ್ ಮಾತ್ರ ರೀಸ್ಟಾರ್ಟ್. ಯುಪಿಎಸ್ ಮೋಡ್‌ನಲ್ಲಿ ಒಂದು ಕಿರಿಕಿರಿ, ಸಂಜೆ ವೋಲ್ಟೇಜ್ ಇಳಿದಾಗಲೆಲ್ಲ ಬ್ಯಾಟರಿಗೆ ಹಾರುತ್ತದೆ. ವೈ-ಫೈ ಡಬ್ಬಿಯನ್ನೂ ಅದಕ್ಕೇ ಕೊಡಿ, ಮರೆಯಬೇಡಿ.

ಪ್ರಶ್ನೆ: ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಹೊಸ ಮಾನಿಟರ್ ಸಿಕ್ಕಿಸುವಾಗ ಎಚ್‌ಡಿಎಂಐ ಹತ್ತಿರ ಕಿಡಿ ಕೂಡ ಬಂತು. ಮಾನಿಟರ್ ವಾಪಸ್ ಕೊಡಲಾ? — ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಮಾನಿಟರ್ ವಾಪಸ್ ಬೇಡ, ತಪ್ಪು ಗೋಡೆಯೊಳಗಿದೆ. ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಕಂಡ ಊರು ನಿಮ್ಮದು, ಬೆಂಗಳೂರಿಗಿಂತ ಮೊದಲು. ಈಗ ನಿಮ್ಮ ಮನೆಗೆ ಬೇಕಾಗಿರುವುದು ಅರ್ತಿಂಗ್. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಕಬ್ಬಿಣದ ಮೈಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ, ಗಲಾಟೆ ಸಿಗ್ನಲ್ ಅನ್ನು ಅರ್ತ್‌ಗೆ ಹರಿಸುವುದಕ್ಕೆ. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ ಮೈ ಮೇಲೆ 230ರ ಅರ್ಧ, ಅಂದರೆ 115 ವೋಲ್ಟ್ ಹತ್ತಿರ ನಿಂತುಬಿಡುತ್ತದೆ. ಹರಿಯುವ ಕರೆಂಟ್ ತೀರಾ ಕಮ್ಮಿ, ಅದಕ್ಕೇ ಜುಮ್ ಅಂದು ಬಿಡುತ್ತದೆ. ಆದರೆ ಅದೇ ಕಿಡಿ ಎಚ್‌ಡಿಎಂಐ ಚಿಪ್ಪಿಗೆ ಬಿದ್ದರೆ ಕಾರ್ಡೋ ಮಾನಿಟರೋ ಹೋಗಬಹುದು. ಅರ್ತಿಂಗ್ ಸರಿಯಾಗುವವರೆಗೆ ಕಂಪ್ಯೂಟರ್, ಮಾನಿಟರ್ ಎರಡರ ಪ್ಲಗ್ಗೂ ಗೋಡೆಯಿಂದ ಕಿತ್ತ ಮೇಲೆಯೇ ಕೇಬಲ್ ಹಾಕಿ, ತೆಗೆಯಿರಿ. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ ಇವತ್ತೇ ಎಸೆಯಿರಿ.

ಅರ್ತ್ ಗುಂಡಿ ಇದೆ ಅಂತ ಮನೆ ಯಜಮಾನರು ಹೇಳಬಹುದು. ಇರಬಹುದು, ಆದರೆ ಕೋಲಾರದ ಮಣ್ಣು ಬೇಸಿಗೆಯಲ್ಲಿ ಎಷ್ಟು ಒಣಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಇದ್ದಿಲು, ಉಪ್ಪು ಹಾಕಿದ ಗುಂಡಿಯೂ ನೀರಿಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು ಹುಯ್ಯಿರಿ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಟ್ಟು ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಎರಡೂ ಅಳೆಯಿಸಿ. ಬಂದ ಮೇಲೆ ಕಂಪ್ಯೂಟರ್ ಪಾಯಿಂಟ್ ಒಂದೇ ತೋರಿಸಿ ಕಳಿಸಬೇಡಿ, ಗೀಸರ್ ಪಾಯಿಂಟೂ ನೋಡಿಸಿ.